ಒಬಾಸಾನ್ ಬರೆಯುವ ಮೂರು ಬಗೆ

ರಿಂಕಿನ ಹಿಂಬಾಗಿಲ ಬಳಿ ಚಂದ್ರಪ್ರಭಾಗೆಂದೇ ಒಂದು ಮಡಿಚುವ ಕುರ್ಚಿ ಹಾಕಿದ್ದರು. ಮೂರು ದಿನದಿಂದ ಅದರ ಮೇಲೆ ಕೂತಿದ್ದು ಅವಳ ಚೀಲ ಮಾತ್ರ. ಅವಳು ಹಳದಿ ಪಟ್ಟಿಯ ಉದ್ದಕ್ಕೂ ಹೋಗುತ್ತಿದ್ದಳು, ತಿರುಗುತ್ತಿದ್ದಳು, ಕೊರಳಿನ ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಕಾವಲಿನ ಮೇಲ್ವಿಚಾರಕ ಕುವಾಹಾರಾ-ಸಾನ್ ಮೊದಲ ದಿನ ಎರಡು ಸಲ "ದಯವಿಟ್ಟು ಕೂತುಕೊಳ್ಳಿ" ಎಂದು ಹೇಳಿ ಆಮೇಲೆ ಬಿಟ್ಟುಬಿಟ್ಟರು.

ಒಸಾಕಾದ ಹೊರಭಾಗದ ಆ ರಿಂಕಿನಲ್ಲಿ ಹಿಮ ಸ್ಕೇಟಿಂಗಿನ ಅಂತರರಾಷ್ಟ್ರೀಯ ಪಂದ್ಯ. ಕೊರೋನಾದ ಎರಡನೇ ಚಳಿಗಾಲ. ಪಟ್ಟಿಯ ಒಳಗಿದ್ದವರು ಹೋಟೆಲಿನಿಂದ ರಿಂಕಿಗೆ, ರಿಂಕಿನಿಂದ ಹೋಟೆಲಿಗೆ, ಅಷ್ಟೇ. ಹೊರಗಿದ್ದವರು ಹೊರಗೇ. ನಡುವೆ ಒಂದು ಮೇಜು. ಹೊರಗಿನಿಂದ ಏನು ಕೊಟ್ಟರೂ ಮೇಜಿನ ಮೇಲಿಟ್ಟು ಹಿಂದೆ ಸರಿಯಬೇಕು. ಕುವಾಹಾರಾ-ಸಾನ್ ಅದಕ್ಕೆ ಔಷಧಿ ಸಿಂಪಡಿಸಿ, ಇಕ್ಕಳದಲ್ಲಿ ಹಿಡಿದು ಆಚೆ ದಾಟಿಸುತ್ತಿದ್ದರು. ಮೊದಲ ಸಲ ನೋಡಿದಾಗ ಚಂದ್ರಪ್ರಭಾಗೆ ತಿಪಟೂರಿನ ಅಜ್ಜಿ ಮಡಿಬಟ್ಟೆಯನ್ನು ಕೋಲಿನಿಂದ ಎತ್ತಿಕೊಳ್ಳುತ್ತಿದ್ದುದು ನೆನಪಾಗಿ ಮಾಸ್ಕಿನೊಳಗೇ ನಗು ಬಂದಿತ್ತು.

ಅವಳು ಒಸಾಕಾಕ್ಕೆ ಬಂದದ್ದು ಮದುವೆಯಾಗಿ, ಗಂಡ ಹರಿಪ್ರಸಾದನ ಕಂಪನಿ ಕಳಿಸಿದ ಕಡೆಗೆ. ಮೊದಲ ಒಂದೆರಡು ವರ್ಷ ಅವಳೊಡನೆ ಮಾತಾಡುತ್ತಿದ್ದದ್ದು ಬಟ್ಟೆ ಒಗೆಯುವ ಮೆಷಿನ್ನು ಒಂದೇ. ಒಗೆದು ಮುಗಿಸಿದ ಮೇಲೆ ಅದು ಒಂದು ಹಾಡು ಹೇಳುತ್ತಿತ್ತು. ಆಮೇಲೆ ವಾರ್ಡ್ ಕಚೇರಿಯ ಉಚಿತ ತರಗತಿಗೆ ಹೋಗಿ ಜಪಾನಿ ಭಾಷೆ ಕಲಿತಳು. ಕಲಿತದ್ದು ಕೈ ಹಿಡಿಯಿತು. ಆಸ್ಪತ್ರೆಗಳಲ್ಲಿ ದುಭಾಷಿಯಾದಳು. ಪೂರ್ತಿ ಹೆಸರು ಹೇಳಲಾಗದ ನರ್ಸುಗಳು ಅವಳನ್ನು ಚಂದೊರಾ-ಸಾನ್ ಎಂದು ಕರೆದರು. ಭಾರತದಿಂದ ಯಾವುದಾದರೂ ತಂಡ ಈ ಕಡೆಗೆ ಬಂದರೆ ಭಾರತದ ರಾಯಭಾರ ಕಚೇರಿಯಿಂದ ಅವಳಿಗೆ ಫೋನು ಬರುತ್ತಿತ್ತು: ಭಾಷೆ, ಪೊಲೀಸು, ಕಾಯಿಲೆ, ಕಳೆದುಹೋದ ಚೀಲ, ಎಲ್ಲ ಸ್ವಲ್ಪ ನೋಡಿಕೊಳ್ಳಿ ಎಂದು.

ಈ ಸಲ ಬಂದದ್ದು ಇಬ್ಬರೇ. ಹದಿನೇಳರ ಇಂದು, ಬೆಂಗಳೂರಿನ ಹುಡುಗಿ, ರಸ್ತೆಯಲ್ಲಿ ಗಾಲಿ ಸ್ಕೇಟಿನಿಂದ ಶುರು ಮಾಡಿ ಮಾಲ್ ಒಂದರ ಪುಟ್ಟ ರಿಂಕಿನಲ್ಲಿ ಹಿಮಕ್ಕೆ ಬಂದವಳು. ಜೊತೆಗೆ ಕೋಚ್ ಶ್ರೀಕಂಠ. ಶುಕ್ರವಾರ ಬೆಳಿಗ್ಗೆ ಶ್ರೀಕಂಠನ ಪರೀಕ್ಷೆ ಪಾಸಿಟಿವ್ ಬಂತು. ಬಿಳಿ ವ್ಯಾನ್ ಬಂದು ಅವನನ್ನು ಬೇರೆ ಹೋಟೆಲಿಗೆ ಕರೆದುಕೊಂಡು ಹೋಯಿತು. ಇಂದುವಿನದು ನೆಗೆಟಿವ್, ದಿನಾ ಪರೀಕ್ಷೆ ಮಾಡಿಸಿಕೊಂಡು ಆಡಬಹುದು. ಆದರೆ ಹದಿನೆಂಟು ತುಂಬದವರು ಹೊಣೆ ಹೊತ್ತ ಹಿರಿಯರೊಬ್ಬರು ಒಳಗೆ ಜೊತೆಯಲ್ಲಿಲ್ಲದೆ ಹಿಮಕ್ಕೆ ಇಳಿಯುವಂತಿಲ್ಲ. ಶನಿವಾರ ಬೆಳಿಗ್ಗೆ ಐನೂರು ಮೀಟರ್. ಅದೇ ಅವಳ ಓಟ. ಅದಕ್ಕಾಗಿಯೇ ಅವಳು ಸಮುದ್ರ ದಾಟಿ ಬಂದದ್ದು. ಭಾನುವಾರದ ಸಾವಿರ ಮೀಟರ್ ಸುಮ್ಮನೆ ಹೆಸರಿಗೆ.

"ಆಂಟೀ!" ಇಂದು ಪಟ್ಟಿಯ ಆಚೆಯಿಂದ ಕೂಗಿದಳು. ಕಾಲಿಗೆ ಹೋಟೆಲಿನ ಚಪ್ಪಲಿ, ಮೈಮೇಲೆ ತಂಡದ ಜಾಕೆಟ್ಟು. "ಆಂಟಿ, ಸರ್‌ನ ಕರ್ಕೊಂಡು ಹೋದ್ರು. ಸ್ಟಾರ್ಟ್ ಲಿಸ್ಟಲ್ಲಿ ನನ್ನ ಹೆಸರಿರಲ್ಲ ಅಂತಿದಾರೆ. ನೀವು ಒಳಗೆ ಬಂದ್ಬಿಡಿ ಆಂಟಿ, ಪ್ಲೀಸ್!"

ಕುವಾಹಾರಾ-ಸಾನ್ ತಲೆ ಎತ್ತಿದರು. ನಿವೃತ್ತ ಪೊಲೀಸರು, ಗಲಾಟೆಯಲ್ಲೂ ಒಂದು ಪದವನ್ನು ಹೆಕ್ಕಿಕೊಳ್ಳುವ ಕಿವಿ.

"ಆಂತಿ," ಎಂದರು ಮೆಲ್ಲಗೆ. "ಇಂಗ್ಲಿಷಿನಲ್ಲಿ ಆಂತಿ ಎಂದರೆ ಒಬಾಸಾನ್ ಅಲ್ಲವೇ? ತಾವು ಈ ಮಗುವಿನ ಬಂಧುವೇ?"

ಚಂದ್ರಪ್ರಭಾ ಬಾಯಿ ತೆರೆದಳು. ಉತ್ತರ ಬರುವ ಮೊದಲೇ ಅವರು ಪ್ರವೇಶದ ಕಾರ್ಡೊಂದನ್ನು ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಿದ್ದರು. ಬಂಧುಗಳಾದರೆ ತಾವೇ ಸಹಿ ಹಾಕಬಹುದು, ಸಂಜೆಯೊಳಗೆ ಪರೀಕ್ಷೆ ಮುಗಿಸಿ ಒಳಗೆ ಹೋಗಬಹುದು ಎಂದರು. ಬಂಧುವಲ್ಲದಿದ್ದರೆ ತಾಯಿತಂದೆಯ ಒಪ್ಪಿಗೆ ಬೇಕು, ಅದರ ಮೇಲೆ ರಾಯಭಾರ ಕಚೇರಿಯ ಪತ್ರ ಬೇಕು.

"ಕ್ಷಮಿಸಿ, ಒಂದು ವಿಚಾರ," ಪೆನ್ನು ಕಾರ್ಡಿನ ಮೇಲೆ ನಿಂತಿತು. "ಯಾವ ಒಬಾಸಾನ್?"

ಕನ್ನಡದವರಿಗೆ ಈ ಪ್ರಶ್ನೆ ವಿಚಿತ್ರವೇನಲ್ಲ. ದೊಡ್ಡಮ್ಮನೋ, ಚಿಕ್ಕಮ್ಮನೋ, ಸೋದರತ್ತೆಯೋ ಎಂದು ನಾವೂ ಕೇಳುತ್ತೇವೆ. ಜಪಾನಿನವರ ಒಬಾಸಾನ್ ಕಿವಿಗೆ ಒಂದೇ, ಬರೆಯುವಾಗ ಮೂರು. ತಾಯಿತಂದೆಗಿಂತ ದೊಡ್ಡವಳಾದರೆ ಒಂದು ಅಕ್ಷರ, ಚಿಕ್ಕವಳಾದರೆ ಇನ್ನೊಂದು. ಮೂರನೆಯದು ನೆಂಟಸ್ತಿಕೆ ಇಲ್ಲದವಳಿಗೆ: ಬೀದಿಯ ತರಕಾರಿ ಅಂಗಡಿಯವಳು, ಪಕ್ಕದ ಮನೆಯವಳು, ವಯಸ್ಸಿಗೆ ಮರ್ಯಾದೆ ಕೊಟ್ಟು ಕರೆಯಲ್ಪಡುವ ಯಾರಾದರೂ.

ಚಂದ್ರಪ್ರಭಾ ದಾರವನ್ನು ಬೆರಳಿಗೆ ಬಿಗಿಯಾಗಿ ಸುತ್ತಿದಳು.

"ಏನಂತೆ ಆಂಟಿ?"

"ನಾನು ನಿನಗೇನಾಗಬೇಕು ಅಂತ ಕೇಳ್ತಿದಾರೆ."

"ಅಮ್ಮನ ತಂಗಿ ಅಂದ್ಬಿಡಿ! ಅಷ್ಟೇ ತಾನೇ? ಯಾರು ಚೆಕ್ ಮಾಡ್ತಾರೆ?"

"ಒಂದು ನಿಮಿಷ ಇರು," ಎಂದು ಚಂದ್ರಪ್ರಭಾ ಗೋಡೆಯ ಕಡೆಗೆ ಹೋಗಿ ಗಂಡನಿಗೆ ಫೋನು ಮಾಡಿದಳು.

"ಪ್ರಭಾ, ಊರಲ್ಲಿ ಬಸ್ ಕಂಡಕ್ಟರ್ ಹೆಂಡ್ತೀನೂ ನಮಗೆ ಚಿಕ್ಕಮ್ಮನೇ ಅಲ್ವೇನೇ?" ಎಂದ ಹರಿಪ್ರಸಾದ. "ಚಿಕ್ಕಮ್ಮ ಅನ್ನೋಕೆ ಟ್ಯಾಕ್ಸ್ ಕಟ್ಬೇಕಾ? ಸುಮ್ನೆ ಹೂಂ ಅನ್ನು."

"ರೀ, ಇದು ಊರಲ್ಲ."

"ಅದಕ್ಕೇ ಹೇಳ್ತಿರೋದು. ಆ ಹುಡುಗಿಗೆ ಇಲ್ಲಿ ಬೇರೆ ಯಾರಿದಾರೆ?"

ಯಾರೂ ಇರಲಿಲ್ಲ. ಅವಳು ಎರಡು ಹೆಜ್ಜೆ ಮುಂದೆ ಹೋದಳು, ಒಂದು ಹೆಜ್ಜೆ ಹಿಂದೆ ಬಂದಳು. ಹೂಂ ಎಂದರೆ ಆಯಿತು. ಕಾರ್ಡಿನ ಮೇಲೆ ಒಂದು ಅಕ್ಷರ. ಆದರೆ ಆಸ್ಪತ್ರೆಯಲ್ಲಿ ಆ ಅಕ್ಷರ ಏನು ಮಾಡುತ್ತದೆ ಎಂದು ಅವಳು ಕಂಡಿದ್ದಳು. ಪರದೆಯ ಹಿಂದೆ ರೋಗಿ ಮಲಗಿರುವಾಗ ಡಾಕ್ಟರು ಹೊರಗೆ ಬಂದು, ಬಂಧುಗಳು ಯಾರು ಎನ್ನುತ್ತಾರೆ. ಕೈ ಎತ್ತಿದವರ ಮಾತಿನ ಮೇಲೆ ಕತ್ತರಿ ಆಡುತ್ತದೆ. ಸ್ಕೇಟಿನ ಅಲಗು ಚಾಕುವಿನಷ್ಟು ಹರಿತ. ನಾಲ್ವರು ಒಂದೇ ತಿರುವಿನಲ್ಲಿ ನುಗ್ಗುತ್ತಾರೆ. ನಾಳೆ ಏನಾದರೂ ಆದರೆ ಈ ಮಗುವಿನ ಕಾಲಿನ ಬಗ್ಗೆ ಹೂಂ ಎನ್ನಬೇಕಾದವಳು ಬೆಂಗಳೂರಿನಲ್ಲಿ ಇದ್ದಾಳೆ. ಅವಳ ಜಾಗವನ್ನು ಕೇಳದೆ ತೆಗೆದುಕೊಳ್ಳುವುದು ಹೇಗೆ?

ಕುವಾಹಾರಾ-ಸಾನ್ ಇನ್ನೂ ಕಾಯುತ್ತಿದ್ದರು. "ನಾನು ಕೇಳಿಸಿಕೊಂಡದ್ದನ್ನು ಬರೆಯುತ್ತೇನೆ," ಎಂದರು. ಅವರ ಕಣ್ಣು ಪೆನ್ನಿನ ತುದಿಯ ಮೇಲಿತ್ತು. ದಾರಿ ಬಿಡುತ್ತಿದ್ದಾರೋ, ಪರೀಕ್ಷೆ ಮಾಡುತ್ತಿದ್ದಾರೋ, ಮಾಸ್ಕಿನ ಮೇಲಿನ ಅರ್ಧ ಮುಖದಲ್ಲಿ ತಿಳಿಯುವಂತಿರಲಿಲ್ಲ.

"ಸುಮಿಮಾಸೆನ್, ಕ್ಷಮಿಸಿ," ಎಂದಳು ಚಂದ್ರಪ್ರಭಾ. "ಮೂರನೆಯದು."

ಅವರು ಪೆನ್ನಿನ ಮುಚ್ಚಳ ಹಾಕಿದರು.

ಇಂದುವಿಗೆ ಭಾಷೆ ಬೇಕಾಗಲಿಲ್ಲ. ಮುಚ್ಚಳದ ಸದ್ದು ಸಾಕಾಯಿತು. "ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ?" ಎಂದಳು. ಆಮೇಲೆ, ತುಂಬ ವಿನಯದಿಂದ, "ಥ್ಯಾಂಕ್ಯೂ ಮೇಡಂ."

ಆ ಮಧ್ಯಾಹ್ನವೆಲ್ಲ ಚಂದ್ರಪ್ರಭಾ ಫೋನು ಕಿವಿಯಿಂದ ಇಳಿಸಲಿಲ್ಲ. ರಾಯಭಾರ ಕಚೇರಿಯಲ್ಲಿ ಈ ಪಂದ್ಯದ ಹೊಣೆ ಹೊತ್ತಿದ್ದವನು ಜಯಂತ, ದಾವಣಗೆರೆ ಕಡೆಯ ಹುಡುಗ. ಪತ್ರದ ಕರಡು ಆಗಲೇ ಸಿದ್ಧ ಮಾಡಿದ್ದ. "ಅಕ್ಕಾ, ತಾಯಿ ಒಪ್ಪಿಗೆ ಒಂದು ಬಂದ್ರೆ ಕಳಿಸಿಬಿಡ್ತೀನಿ. ಫೋನ್ ರಿಂಗಾಗ್ತಿದೆ, ಎತ್ತುತ್ತಿಲ್ಲ." ಇಂದುವಿಗೆ ತಂದೆ ಇಲ್ಲ. ತಾಯಿ ಸರಸ್ವತಿ ನರ್ಸು, ಕೋವಿಡ್ ವಾರ್ಡಿನಲ್ಲಿ. ಒಮ್ಮೆ ಆ ಪ್ಲಾಸ್ಟಿಕ್ ಉಡುಪು ತೊಟ್ಟು ಒಳಗೆ ಹೋದರೆ ಡ್ಯೂಟಿ ಮುಗಿಯುವವರೆಗೆ ಫೋನು ಲಾಕರಿನಲ್ಲಿ. ಅಲ್ಲಿಯೂ ಒಂದು ಪಟ್ಟಿ, ಇಲ್ಲಿಯೂ ಒಂದು ಪಟ್ಟಿ. ಎರಡರ ನಡುವೆ ಫೋನು ಸುಮ್ಮನೆ ರಿಂಗಾಗುತ್ತಿತ್ತು.

ಸರಸ್ವತಿ ಸಿಕ್ಕಿ ಒಪ್ಪಿಗೆ ಕೊಟ್ಟದ್ದು ಇಲ್ಲಿ ಎಲ್ಲರೂ ಮಲಗಿದ ಮೇಲೆ. ಮರುದಿನ ಬೆಳಿಗ್ಗೆ ಜಯಂತನ ಪತ್ರ ಬಂತು, ಆದರೆ ಪತ್ರ ಬಂದ ಮೇಲಷ್ಟೇ ಮಾಡುವ ಪರೀಕ್ಷೆಯ ಫಲಿತಾಂಶ ಓಟದ ಹೊತ್ತಿಗೆ ಬರಲಿಲ್ಲ. ಕಾವಲು ಗೂಡಿನ ಸಣ್ಣ ಟೀವಿಯಲ್ಲಿ ಐನೂರು ಮೀಟರ್ ಶುರುವಾಯಿತು. ಇಂದುವಿನ ಸರದಿಯಲ್ಲಿ ಮೂವರೇ ಗೆರೆಯ ಮೇಲೆ ನಿಂತರು. ನಾಲ್ಕನೆಯ ಜಾಗ ಬರಿಯ ಹಿಮ, ಹೊಳೆಯುತ್ತಿತ್ತು. ಕುವಾಹಾರಾ-ಸಾನ್ ಟೀವಿಯ ದನಿ ತಗ್ಗಿಸಿದರು.

ಮಧ್ಯಾಹ್ನ ಫಲಿತಾಂಶ ಬಂದ ಮೇಲೆ ಚಂದ್ರಪ್ರಭಾ ಮನೆಗೆ ಫೋನು ಮಾಡಿ, ಪಂದ್ಯ ಮುಗಿಯುವವರೆಗೆ, ಆಮೇಲೂ ಕೆಲವು ದಿನ, ಬರುವುದಿಲ್ಲ ಎಂದಳು. "ಓಕೆ, ಅಮ್ಮ. ಗಂಬತ್ತೆ," ಎಂದಳು ಮಗಳು ಸಂಜನಾ, ಪರೀಕ್ಷೆಗೆ ಹೊರಟ ಗೆಳತಿಗೆ ಶುಭ ಕೋರುವ ಹಾಗೆ. ಚಂದ್ರಪ್ರಭಾ ಪಟ್ಟಿ ದಾಟಿದಳು. ಒಳಗೂ ಅವಳು ಕೂರಲಿಲ್ಲ. ಹೋಟೆಲಿನ ಕಾರಿಡಾರಿನಲ್ಲಿ ಇಂದುವಿನ ಬಾಗಿಲ ಮುಂದೆ ನಡೆದಳು. ಅನ್ನದ ಡಬ್ಬಿ, ಚಟ್ನಿಪುಡಿ ಬಾಗಿಲ ಹಿಡಿಗೆ ನೇತುಹಾಕಿದಳು. ಡಬ್ಬಿ ಖಾಲಿಯಾಗಿ ಹೊರಗೆ ಬಂತು, ಮಾತು ಬರಲಿಲ್ಲ.

ಭಾನುವಾರ ಇಂದು ಹಿಮಕ್ಕಿಳಿದಳು. ನಾಲ್ವರಲ್ಲಿ ಮುಂದಿನ ಹಂತಕ್ಕೆ ಹೋಗುವವರು ಇಬ್ಬರು. ಕೊನೆಯ ಸುತ್ತಿನವರೆಗೆ ಅವಳು ಎರಡನೆಯವಳು. ಚಂದ್ರಪ್ರಭಾ ಕಟಕಟೆ ಹಿಡಿದು ನಿಂತಿದ್ದಳು, ಕೂಗುವಂತಿಲ್ಲ, ಚಪ್ಪಾಳೆ ಮಾತ್ರ ಎಂಬ ನಿಯಮ ಮರೆತು ಒಂದು ಸಲ "ಹೋಗೇ!" ಎಂದುಬಿಟ್ಟಳು. ಕೊನೆಯ ತಿರುವಿನಲ್ಲಿ ಕೊರಿಯಾದ ಹುಡುಗಿ ಒಳಬದಿಯಿಂದ ಬಂದಳು. ಇಂದು ಮೂರನೆಯವಳಾದಳು.

ಕಟಕಟೆಯ ಬಾಗಿಲಿಗೆ ಬಂದವಳು ಏದುಸಿರು ಬಿಡುತ್ತಾ ಒಂದು ಕಾಲು ಎತ್ತಿದಳು. ಚಂದ್ರಪ್ರಭಾ ಬಗ್ಗಿ ಅಲಗಿಗೆ ರಬ್ಬರಿನ ಕವಚ ತೊಡಿಸಿದಳು. ಇನ್ನೊಂದು ಕಾಲಿಗೆ ತೊಡಿಸುವಾಗ ಇಂದು ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಳು. ಭಾರ ಪೂರ್ತಿ ಬಿಟ್ಟಿದ್ದಳು.

"ಐನೂರಾಗಿದ್ರೆ ಗೆಲ್ತಿದ್ದೆ."

"ಗೊತ್ತು."

"ಅಮ್ಮನೂ ನಿಮ್ಮ ಥರಾನೇ. ಸುಳ್ಳು ಹೇಳೋಕೆ ಬರಲ್ಲ." ಹೊಗಳಿಕೆಯ ದನಿಯಾಗಿರಲಿಲ್ಲ ಅದು.

ಬಸ್ಸಿಗೆ ಹೋಗಲು ಹಿಂಬಾಗಿಲಿಗೆ ಬಂದರು. ಪಟ್ಟಿಯ ಆಚೆ ಕುವಾಹಾರಾ-ಸಾನ್, ಪಕ್ಕದಲ್ಲಿ ಆ ಖಾಲಿ ಕುರ್ಚಿ. ಗಾಳಿ ಕೊರೆಯುತ್ತಿತ್ತು. ಇಂದು ಜೇಬುಗಳನ್ನೆಲ್ಲ ತಡಕಿದಳು.

"ಆಂಟಿ, ನನ್ನ ಗ್ಲೌಸ್ ನಿಮ್ಮ ಹತ್ರನಾ?"

ಕುವಾಹಾರಾ-ಸಾನ್ ತಲೆ ಎತ್ತಿದರು. "ಆಂತಿ," ಎಂದರು, ತಮ್ಮಷ್ಟಕ್ಕೇ ಎಂಬಂತೆ.

"ಹೌದು, ಒಬಾಸಾನ್," ಎಂದಳು ಚಂದ್ರಪ್ರಭಾ.

ಯಾವುದು ಎಂದು ಅವರು ಕೇಳಲಿಲ್ಲ. ಇವಳೂ ಹೇಳಲಿಲ್ಲ, ಚೀಲದ ತಳದಲ್ಲಿ ಎಲ್ಲೋ ಸೇರಿದ್ದ ಗ್ಲೌಸಿಗಾಗಿ ಕೈಯಾಡಿಸುತ್ತಿದ್ದಳು.