ತೂಬಿನ ಮೇಲೊಂದು ಲ್ಯಾಪ್‌ಟಾಪ್

ಕಿರಂಗೂರಿನ ನಾಲೆ ಏರಿಯ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಲೆಗೊಂದು ಟವೆಲ್ ಸುತ್ತಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ತೂಬಿನ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ ಸಹನ. ಪಕ್ಕದಲ್ಲಿ ಗುದ್ದಲಿ ಊರಿ ನಿಂತ ಪುಟ್ಟಗೌರಮ್ಮ ಮೊಬೈಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದಾರೆ. ಸೊಳ್ಳೆಗಳಿಗಂತೂ ಹಬ್ಬದೂಟ.

ಈ ಬಯಲಿನ ಗದ್ದೆಗಳಿಗೆ ನೀರು ಸರದಿಯ ಮೇಲೆ. ಬೆಳಗಿನ ಐದಕ್ಕೆ ಸರದಿ ಬದಲು. ಮೊದಲೆಲ್ಲ ಬೀದಿಯಲ್ಲಿ ನಿಂತು ಅದನ್ನು ಕೂಗುತ್ತಿದ್ದವರು ನೀರು ಹಂಚುವ ನೀರುಗಂಟಿ ಕರಿಯಯ್ಯ, ಸಹನ ಅವರ ಅಪ್ಪ. ಮಂಡಿನೋವಿಗೆ ಅವರು ಮನೆಯಲ್ಲಿ ಕೂತಿದ್ದೇ ತಡ, ಗದ್ದೆಗೊಂದು ಜಗಳ ಎದ್ದಿತು. ಪಾಂಡವಪುರದಲ್ಲಿ ಕಂಪ್ಯೂಟರ್ ಓದಿ, ಕೆ.ಆರ್. ಪೇಟೆ, ನಾಗಮಂಗಲದ ಅಂಗಡಿಗಳಿಗೆ ಮನೆಯಿಂದಲೇ ವೆಬ್‌ಸೈಟ್ ಮಾಡಿಕೊಡುವ ಮಗಳು ಊರಿಗೂ ಒಂದು ಮಾಡಿಟ್ಟರು. ತೆರೆದರೆ ಸಾಕು, ತಾರೀಕು ನೋಡಿಕೊಂಡು ಇವತ್ತಿನ ನೀರು ಯಾರದೋ ಅವರ ಹೆಸರು ಬರುತ್ತದೆ. ಇದಕ್ಕೆ ಸಂಬಳ ಗಿಂಬಳ ಏನೂ ಇಲ್ಲ. "ಅಪ್ಪನ್ ಕೆಲ್ಸ ಅಲ್ವಾ, ಬುಡಕ್ಕಾಯ್ತದಾ?" ಎನ್ನುತ್ತಾರೆ.

ಎಡವಟ್ಟಾದದ್ದು ಈ ಬೇಸಿಗೆ ಬೆಳೆಯಲ್ಲಿ. ವೆಬ್‌ಸೈಟಿಗೆ ಬುನಾದಿಯಾದ ಫ್ರೇಮ್‌ವರ್ಕನ್ನು ಒಂದು ಮಧ್ಯಾಹ್ನ ಹೊಸ ಆವೃತ್ತಿಗೆ ಏರಿಸಿದರು. ಒತ್ತಿ ನೋಡಿದರು, ಎಲ್ಲ ಸರಿಯಿತ್ತು. ಮಾರನೆಯ ಬೆಳಗ್ಗೆ ಐದಕ್ಕೆ ಪುಟ್ಟಗೌರಮ್ಮ ತಮ್ಮ ಸರದಿಯೆಂದು ಬಂದರೆ, ಮೊಬೈಲಿನಲ್ಲಿ ಹಿಂದಿನ ದಿನ ನೀರು ಪಡೆದ ತಮ್ಮಯ್ಯನವರ ಹೆಸರೇ! ಹೆಸರು ಬಂದವರದ್ದೇ ನೀರು. ಒಣಗುತ್ತಿದ್ದ ಭತ್ತದ ಪೈರನ್ನು ನೋಡುತ್ತಲೇ ಆಕೆ ಮನೆಗೆ ಮರಳಿದರು. ಆ ದಿನದ ನೀರೆಲ್ಲ ತಮ್ಮಯ್ಯನವರ ಗದ್ದೆಗೇ ಹರಿಯಿತು. ಸಂಜೆ ಆರಕ್ಕೆ ತಮ್ಮಯ್ಯ ನೋಡಿದರೆ ಪುಟ್ಟಗೌರಮ್ಮನ ಹೆಸರೇ ನೆಟ್ಟಗೆ ಕೂತಿದೆ. "ನಿದ್ದೆಗಣ್ಣಲ್ ನೋಡವ್ಳೆ ಬುಡ್ರಲಾ" ಎಂದು ಊರು ನಕ್ಕಿತು. ಸಹನ ಕೂಡ ನಕ್ಕರು.

"ನೀರ್ ಓದ್ರೆ ಓಗ್ಲಿ ಕಣವ್ವ, ನನ್ ಮಾತು ಸುಳ್ಳಾಗೋಯ್ತಲ್ಲ" ಎಂದು ಆ ತಾಯಿ ಕಣ್ಣೊರೆಸಿಕೊಂಡಾಗ ಮಾತ್ರ ಸಹನ ನಗು ನಿಲ್ಲಿಸಿದರು. ಮರುದಿನ ಐದಕ್ಕೆ ತಾವೇ ಬಂದು ತೂಬಿನ ಮೇಲೆ ಕೂತರು. ಮೊಬೈಲಿನಲ್ಲಿ ನಿನ್ನೆಯ ಹೆಸರೇ ಇತ್ತು. ಐದೂವರೆ ಆಗುತ್ತಿದ್ದಂತೆ ಅದು ತಾನೇ ಬದಲಾಯಿತು! "ಅಯ್ಯೋ, ನನ್ ಬುದ್ಧಿಗಿಷ್ಟು!" ಹಳೆಯ ಆವೃತ್ತಿ ನಮ್ಮ ದೇಶದ ಗಡಿಯಾರ ನೋಡುತ್ತಿತ್ತು. ಹೊಸದು ಐದೂವರೆ ಗಂಟೆ ಹಿಂದಿರುವ ಗ್ರೀನಿಚ್ ಗಡಿಯಾರ ಹಿಡಿದಿತ್ತು. ಅಲ್ಲಿ ತಾರೀಕು ಹೊರಳುವಾಗ ಇಲ್ಲಿ ಬೆಳಗಿನ ಐದೂವರೆ. ಮಧ್ಯಾಹ್ನ ಹುಡುಕಿದರೆ ತಪ್ಪು ಸಿಗುವುದಾದರೂ ಎಲ್ಲಿಂದ?

ಅಲ್ಲೇ ಕೂತು ಸರಿಪಡಿಸಿದರು. ಆಮೇಲೆ ಅಪ್ಪ ನಿಲ್ಲುತ್ತಿದ್ದ ಬೀದಿಯಲ್ಲೇ ನಿಂತು, ಅಪ್ಪನ ಗಂಟಲಲ್ಲೇ ಕೂಗಿದರು: "ಗೌರವ್ವ ಏಳಿದ್ದೇ ನಿಜ ಕಣ್ರಪ್ಪೋ! ತಪ್ಪು ನಂದು!" ತಮ್ಮಯ್ಯ ತಮ್ಮ ಮುಂದಿನ ಸರದಿಯನ್ನು ಪುಟ್ಟಗೌರಮ್ಮನಿಗೆ ಬಿಟ್ಟುಕೊಟ್ಟರು. ಪೈರು ಉಳಿಯಿತು.

ಅಂದಿನಿಂದ ಏನೇ ಬದಲಿಸಿದರೂ ಐದಕ್ಕೆ ತೂಬಿನ ಮೇಲೆಯೇ ಪರೀಕ್ಷೆ, ಪರೀಕ್ಷಕಿ ಪುಟ್ಟಗೌರಮ್ಮ. ನಿನ್ನೆ ಮತ್ತೊಂದು ಹೊಸ ಆವೃತ್ತಿ ಹಾಕಿದ್ದಾರೆ.

"ಯಾರೆಸ್ರು ಬಂತು ಗೌರವ್ವ?"

ಪುಟ್ಟಗೌರಮ್ಮ ಅವಸರ ಮಾಡುವುದಿಲ್ಲ. ಎರಡು ಸಲ ಓದುತ್ತಾರೆ, ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ, ಬಗ್ಗಿ ತೂಬು ಎತ್ತುತ್ತಾರೆ. ನೀರು ಗುಳುಗುಳು ಎಂದು ಅವರ ಗದ್ದೆಯತ್ತ ಓಡುತ್ತದೆ.

"ನಂದೇ ಬಂದದೆ. ಸರಿಯಾಗದೆ ಕಣವ್ವ, ಇನ್ ಓಗಿ ಮನಿಕೋ ಓಗು."