ಅರೆಬರೆಯ ಹಾರಾಟ

ಅವನಿಗೆ ‘ಅರೆಬರೆ’ ಎಂದು ಹೆಸರಿಟ್ಟವಳು ಸೋದರತ್ತೆ. ಈಜು ಕಲಿಯಲು ಹೋದವನು ಕೈ ಬಡಿಯುವುದನ್ನು ಕಲಿತು, ಕಾಲಿನ ಪಾಠಕ್ಕೆ ಮುಂಚೆಯೇ ಮನೆಗೆ ಬಂದ. ಹೊಲಿಗೆ ಕಲಿತು ಒಂದೇ ತೋಳಿನ ಅಂಗಿ ಹೊಲಿದ. ಕೊಳಲಿನಲ್ಲಿ ಸ್ವರ ಏರಿಸಲು ಬರುತ್ತಿತ್ತು, ಇಳಿಸಲು ಬರುತ್ತಿರಲಿಲ್ಲ.

ಅಪ್ಪನದು ಎರಡು ಕುರ್ಚಿಯ ಕ್ಷೌರದಂಗಡಿ. ಮಗ ಅಲ್ಲಿ ಕತ್ತಿ ಹಿಡಿದ ದಿನವೇ ಮೇಲೆ ವಿಮಾನದ ಸದ್ದಾಯಿತು. ಕುರ್ಚಿಯಲ್ಲಿದ್ದ ಮೇಷ್ಟ್ರ ಎಡಮೀಸೆ ತೆಗೆದು, ಬಲಮೀಸೆ ಹಾಗೆಯೇ ಬಿಟ್ಟು, ರಸ್ತೆಗೆ ಓಡಿ ಆಕಾಶ ನೋಡುತ್ತ ನಿಂತ. ಮೇಷ್ಟ್ರೂ ನೊರೆಮುಖದಲ್ಲೇ ಹೊರಗೆ ಬಂದರು.

“ಏನು ನೋಡ್ತಿದಾನಪ್ಪ ನಿನ್ನ ಮಗ?”

“ನಿಮ್ಮ ಮೀಸೆ ಎಲ್ಲಿಗೆ ಹಾರಿಹೋಯ್ತು ಅಂತ ಹುಡುಕ್ತಿರಬೇಕು ಮೇಷ್ಟ್ರೇ,” ಎಂದ ಅಪ್ಪ.

ಯುದ್ಧ ಬಂತು. ಅರೆಬರೆ ನೌಕಾಪಡೆ ಸೇರಿ, ವಿಮಾನ ಹಾರಿಸಲು ಆಯ್ಕೆಯಾದ. ಅಪ್ಪನಿಗೆ ಯುದ್ಧಕ್ಕಿಂತ ದೊಡ್ಡ ಭಯ ಬೇರೆಯಿತ್ತು: ಇವನು ಇದನ್ನೂ ಅರ್ಧಕ್ಕೆ ಬಿಟ್ಟುಬಂದರೆ? ಒಂದು ವಿದ್ಯೆಯನ್ನಾದರೂ ಕೊನೆ ಮುಟ್ಟಿಸಲಿ ಎಂಬುದಷ್ಟೇ ಅವನ ಆಸೆ.

ರಜೆಗೆ ಬಂದವನನ್ನು ಅಂಗಡಿಯಲ್ಲಿ ಎಲ್ಲರೂ ಮುತ್ತಿಕೊಂಡರು. ಅವನು ಕತ್ತಿ ಮಸೆಯುವ ಚರ್ಮದ ಪಟ್ಟಿಯನ್ನು ಮೇಜಿನ ಮೇಲೆ ಹಾಸಿ, ವಿಮಾನ ಇಳಿಯುವ ಹಡಗು ಮಾಡಿದ. ಅದಕ್ಕೆ ಅಡ್ಡಲಾಗಿ ದಾರ ಕಟ್ಟಿದ. ಸಾಬೂನಿನ ಬಿಲ್ಲೆ ವಿಮಾನವಾಯಿತು.

“ವಿಮಾನದ ಬಾಲದಲ್ಲಿ ಒಂದು ಕೊಕ್ಕೆ ಇರುತ್ತೆ. ಅದು ಈ ಹಗ್ಗಕ್ಕೆ ಸಿಕ್ಕಿದ್ರೆ ವಿಮಾನ ನಿಲ್ಲುತ್ತೆ.”

“ಸಿಗದಿದ್ರೆ?” ಕ್ಷೌರಕ್ಕೆ ಕೂತಿದ್ದ ಅಂಚೆಯವನು ಕತ್ತು ತಿರುಗಿಸಿದ.

“ಮತ್ತೆ ಮೇಲೆ ಹೋಗಿ, ಒಂದು ಸುತ್ತು ಹಾಕಿ ಬರೋದು.”

“ಆಗ್ಲೂ ಸಿಗದಿದ್ರೆ?”

“ನೆಟ್ಟಗೆ ಕೂತ್ಕೊಳ್ಳಣ್ಣ,” ಎಂದ ಅಪ್ಪ. “ಕೊಕ್ಕೆ ಸಿಗುತ್ತೋ ಇಲ್ವೋ, ನನ್ನ ಕತ್ತಿಗೆ ನಿನ್ನ ಕಿವಿ ಸಿಗುತ್ತೆ.”

ಅತ್ತೆ ಬಿಡಲಿಲ್ಲ. “ಅದೆಲ್ಲ ಸರಿ ಕಣೋ, ನಿನಗೆ ಇಳಿಯೋಕೆ ಬಂತಾ?”

“ಈಗ ನೆಲದ ಮೇಲೆ ಗೆರೆ ಎಳೆದು, ಇದೇ ಹಡಗು ಅಂತಾರತ್ತೆ. ಅದರ ಮೇಲೆ ಇಳಿದಿದೀನಿ. ನಿಜವಾದ ಹಡಗು ಇನ್ನೂ ಆಗಿಲ್ಲ.”

“ಅರ್ಧ ಆಯ್ತು ಅನ್ನು.”

ಎಲ್ಲರೂ ನಕ್ಕರು, ಅಪ್ಪ ನಗಲಿಲ್ಲ. ಮಗ ಹೊರಡುವಾಗ ಅವನ ಕಾಲರ್ ಸರಿಮಾಡುತ್ತ, “ಪೂರ್ತಿ ಕಲಿತೇ ಬಾಪ್ಪ,” ಎಂದ.

ಚಳಿಗಾಲದಲ್ಲಿ ನೌಕಾಪಡೆಯ ಅಧಿಕಾರಿಯೊಬ್ಬರು ಅಂಗಡಿಗೆ ಬಂದರು. ಅವರು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಗಿರಾಕಿಯೆಂದುಕೊಂಡು ಕುರ್ಚಿಗೆ ಕೂರಿಸಿ, ಕೊರಳಿಗೆ ಬಿಳಿಬಟ್ಟೆ ಕಟ್ಟಿಯೇಬಿಟ್ಟ. ಆ ವೇಷದಲ್ಲೇ ಅವರು ಹೇಳಬೇಕಾಯಿತು: ತರಬೇತಿಗೆ ಮಗ ಹಾರಿಸಿಕೊಂಡು ಹೋದ ವಿಮಾನ ಸಮುದ್ರದ ಮಂಜಿನಿಂದ ಹಿಂತಿರುಗಲಿಲ್ಲ. ಹುಡುಕಿದರೂ ಏನೂ ಸಿಗಲಿಲ್ಲ.

ಅಪ್ಪ ಅವರ ಕೊರಳ ಹಿಂದಿನ ಗಂಟನ್ನು ಬಹಳ ಹೊತ್ತು ಬಿಚ್ಚುತ್ತಿದ್ದ.

“ಹಡಗಿನ ಮೇಲೆ ಇಳಿಯೋದು ಬಂದಿತ್ತಾ ಸ್ವಾಮಿ ಅವನಿಗೆ?”

“ಚೆನ್ನಾಗಿ ಬಂದಿತ್ತು. ಆ ಪರೀಕ್ಷೆ ಪಾಸಾಗಿದ್ರು. ಇದು ಅದರ ಮುಂದಿನ ಪಾಠ, ಮಂಜಲ್ಲಿ ದಾರಿ ಕಂಡ್ಕೊಳ್ಳೋದು.”

ಸಂಜೆ ಮಾತಾಡಿಸಲು ಬಂದ ಮೇಷ್ಟ್ರು, “ಪಾಪ, ಇದೂ ಅರ್ಧಕ್ಕೇ ನಿಂತುಹೋಯ್ತಲ್ಲಪ್ಪ,” ಎಂದುಬಿಟ್ಟು ತುಟಿ ಕಚ್ಚಿಕೊಂಡರು.

“ಇಲ್ಲ ಮೇಷ್ಟ್ರೇ,” ಎಂದ ಅಪ್ಪ. “ಒಂದು ಪೂರ್ತಿ ಮಾಡಿದ್ದ. ಇನ್ನೊಂದು ಶುರು ಮಾಡಿದ್ದ.”