ಸ್ವಿಟ್ಜರ್ಲೆಂಡಿಗೆಂದು ಹೊಲಿಸಿದ ಕೋಟು

ಯುದ್ಧ ಬಂದದ್ದರಿಂದಲೇ ನಮ್ಮ ಅಣ್ಣ ಅತ್ತಿಗೆಯರ ಯೂರೋಪು ಪ್ರವಾಸ ನಿಂತುಹೋಯಿತು ಎಂದು ಹುಣಸೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಯುದ್ಧದ ಮೇಲೆ ಹೊರಿಸಬೇಕಾದ ಅಪರಾಧಗಳು ಬೇಕಾದಷ್ಟಿವೆ. ಇದೊಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ನನ್ನ ಸಾಕ್ಷಿ ಈಗ ಹಿತ್ತಿಲ ಹಗ್ಗದ ಮೇಲೆ ನೇತಾಡುತ್ತಿದೆ. ಕಂಬಳಿಯಂಥ ದಪ್ಪ ಬಟ್ಟೆಯ, ಹೆಂಗಸರ ಕೋಟು. ಆಷಾಢದ ಮೋಡಗಳ ನಡುವೆ ಒಂದಿಷ್ಟು ಬಿಸಿಲು ಬಿತ್ತೆಂದು ಅತ್ತಿಗೆ ಪೆಟ್ಟಿಗೆಯಿಂದ ತೆಗೆದು ಹರವಿದ್ದಾರೆ. ನುಸಿಗುಳಿಗೆಯ ವಾಸನೆ ಹಳೆಯದನ್ನೆಲ್ಲ ಕೆದಕುತ್ತಿದೆ.

ಅಣ್ಣನದು ಹೊಗೆಸೊಪ್ಪಿನ ವ್ಯಾಪಾರ. ಸೊಪ್ಪು ನೋಡಲು ಬಂದ ಬಿಳಿಯ ದೊರೆಯೊಬ್ಬ ಮಂಡಿಯಲ್ಲಿ ಮರೆತುಹೋದ ಸ್ವಿಟ್ಜರ್ಲೆಂಡ್ ಪ್ರವಾಸದ ಪುಸ್ತಿಕೆಯೇ ಎಲ್ಲಕ್ಕೂ ಮೂಲ. ಹಸಿರು ಗುಡ್ಡ, ಮರದ ಮನೆ, ಕೊರಳಿಗೆ ಗಂಟೆ ಕಟ್ಟಿದ ಹಸು. ಅಣ್ಣನಿಗೆ ಆಗತಾನೇ ಮದುವೆಯಾಗಿತ್ತು. "ಹನಿಮೂನ್ ಅಂತಾರೆ ಕಣವ್ವ. ಅಂದ್ರೆ ಜೇನು, ಚಂದ್ರ..." ಎಂದು ವಿವರಿಸಲು ಹೊರಟ. ಅವ್ವ ಚಿತ್ರವನ್ನು ದೂರ ಹಿಡಿದು ನೋಡಿದಳು.

"ಜೇನು ಬೇಕಾದ್ರೆ ಎಗ್ಗಡದೇವನಕೋಟೆಗೆ ಓಗ್ಲಾ. ದನ ನೋಡಕ್ಕೆ ಹಡಗು ಅತ್ತಬೇಕಾ?"

ನಾನಾಗ ಕಾಲೇಜಿನ ಚರ್ಚಾಕೂಟದಲ್ಲಿ ಬೆಳ್ಳಿ ಬಟ್ಟಲು ಗೆದ್ದು ರಜಕ್ಕೆ ಬಂದಿದ್ದೆ. ಯಾವ ಪಕ್ಷ ಸಿಕ್ಕರೂ ವಾದಿಸುವ ವಯಸ್ಸು. ಅಣ್ಣ ನನ್ನನ್ನೇ ವಕೀಲನನ್ನಾಗಿ ಇಟ್ಟುಕೊಂಡ. ತೊಡಕು ಇದ್ದದ್ದು ತಿಂಗಳಲ್ಲಿ. ಅವರ ಹಿಮ ಕರಗಿ ಗುಡ್ಡ ಹಸಿರಾಗುವ ಹೊತ್ತಿಗೆ ಸರಿಯಾಗಿ ನಮಗೆ ಆಷಾಢ. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಸೊಸೆ ತೌರಲ್ಲಿರಬೇಕು.

"ಅವ್ವ, ಶಾಸ್ತ್ರ ಹೇಳೋದು ನಿನ್ನ ಹೊಸಿಲಿನ ಮಾತು. ಸ್ವಿಟ್ಜರ್ಲೆಂಡಿನ ಹೊಸಿಲು ನಿನ್ನದಲ್ಲವಲ್ಲ!" ಎಂದೆ, ಎದುರಿಗೆ ತೀರ್ಪುಗಾರರಿದ್ದಾರೆ ಅನ್ನುವ ಹಾಗೆ.

"ಅಂಗಾದ್ರೆ ನಾನೂ ಬತ್ತೀನಿ ಬುಡು. ಅಲ್ಲಿ ದೋಸ ಇಲ್ವಲ್ಲ."

ಬಟ್ಟಲು ಗೆದ್ದ ವಕೀಲ ಸೋತೆ. ಈ ವರ್ಷ ತೌರು, ಮುಂದಿನ ವರ್ಷ ಯೂರೋಪು ಎಂದು ರಾಜಿಯಾಯಿತು.

ಅಷ್ಟರಲ್ಲಿ ಕೋಟು ಹೊಲಿಯಲು ಕೊಟ್ಟಾಗಿತ್ತು. ಹೆಂಡತಿಯನ್ನು ಆಲ್ಪ್ಸ್ ಪರ್ವತ ಹತ್ತಿಸಲು ಸಿದ್ಧನಿದ್ದ ಅಣ್ಣನಿಗೆ, ದರ್ಜಿ ಸಾಬರ ಮನೆಯ ಹೆಂಗಸರು ಬಂದು ಆಕೆಯ ಅಳತೆ ತೆಗೆಯುವುದೂ ಸರಿಬರಲಿಲ್ಲ. "ಇವನೂ ಅವಳೂ ಒಂದೇ ಎತ್ತರ, ಇವನ ಅಳತೆ ತಗೊಳ್ಳಿ" ಎಂದು ನನ್ನನ್ನು ಮುಂದಕ್ಕೆ ತಳ್ಳಿದ. ಸಾಬರು ಟೇಪು ಸುತ್ತಿ, "ಚೋಟೆ ಸಾಹೇಬ್ರೇ, ಹೊಟ್ಟೆ ಒಳಕ್ಕೆ ಎಳಕೋಬೇಡಿ, ಆಮೇಲೆ ದುಲ್ಹನ್ ಉಸಿರಾಡಬೇಕಲ್ಲ!" ಎಂದರು. ಹೀಗೆ ಅಣ್ಣನ ಹನಿಮೂನಿಗೆ ಮೊದಲು ತಯಾರಾದವನು ನಾನು.

ಆ ಕೋಟನ್ನು ಸಾಲಿಗ್ರಾಮಕ್ಕೆ, ಅತ್ತಿಗೆಯ ತೌರಿಗೆ, ನಾನೇ ಒಯ್ದೆ. ತೊಟ್ಟು ನೋಡಿದರು. ಭುಜ ಜಾರಿತು, ತೋಳಿನೊಳಗೆ ಬೆರಳು ಮುಳುಗಿದವು. "ಇದು ನಿಮ್ಮ ಅಳತೆ ಅಲ್ವಾ?" ಎಂದು ನಕ್ಕು ಬಿಚ್ಚಿಟ್ಟರು. ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು:

"ಚುಂಚನಕಟ್ಟೇಲಿ ಹೊಳೆ ಧುಮ್ಕೋ ಕಡೆ ನೀರು ಬಂದೈತಂತೆ. ಬೇಸ್ಗೇಲಿ ನೋಡಿದೀನಿ, ಬರೀ ಬಂಡೆ. ನೀರು ತುಂಬಿದಾಗ ಹೆಣ್ಮಕ್ಕಳನ್ನ ಯಾರೂ ಕರಕೊಂಡೋಗಲ್ಲ. ಆಷಾಢ ಕಳೀತಿದ್ದಂಗೆ ಒಂದು ಸಲ ತೋರ್ಸಿ ಅಂತ ನಿಮ್ಮಣ್ಣಂಗೆ ಹೇಳ್ತೀರಾ? ಗಾಡಿ ಕಟ್ಟಿದ್ರೆ ಸಂಜೆಗೆ ವಾಪಸ್ ಬರಬೌದು. ನಂಗೆ ಅಷ್ಟಾದ್ರೆ ಸಾಕು."

"ಖಂಡಿತಾ ಹೇಳ್ತೀನಿ ಅತ್ತಿಗೆ" ಎಂದೆ.

ಹೇಳಿದೆ. ಹೇಗೆ ಹೇಳಿದೆ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಮಂಡಿಯಲ್ಲಿ ನಾಲ್ಕು ಜನ ಕೂತಿದ್ದಾಗ, ಕೈ ಕುಣಿಸುತ್ತಾ, "ಅಣ್ಣ, ನೀನು ಆಲ್ಪ್ಸ್ ತೋರಿಸ್ತೀನಿ ಅಂದ್ರೆ ಅತ್ತಿಗೆ ಚುಂಚನಕಟ್ಟೆ ಸಾಕು ಅಂತಾರಲ್ಲೋ!" ಎಂದೆ. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಆ ಮಾತು ಅಲ್ಲಿಗೇ ಮುಗಿಯಿತು.

ಮರುವರ್ಷದ ಆಷಾಢಕ್ಕೆ ಅತ್ತಿಗೆ ಬಸುರಿ. ಅದರ ಮರುವರ್ಷ ಮಗುವಿಗೆ ಹಲ್ಲು ಬರುತ್ತಿತ್ತು. ಅಲ್ಲಿಯವರೆಗೂ ಅಣ್ಣ ರಹದಾರಿಗೆ ಒಂದು ಅರ್ಜಿಯನ್ನೂ ಬರೆದಿರಲಿಲ್ಲ. ಹಡಗುಗಳ ಹೆಸರು ಮಾತ್ರ ಬಾಯಿಪಾಠ. ಯುದ್ಧ ಬಂದದ್ದು ಆಮೇಲೆ. ಲೋಕಕ್ಕೆಲ್ಲ ಸಂಕಟ ತಂದ ಯುದ್ಧ ನಮ್ಮಣ್ಣನ ಮಾನವನ್ನು ಮಾತ್ರ ಚೆನ್ನಾಗಿ ಕಾಪಾಡಿತು.

ಈಗ ಗಾವಡಗೆರೆಯ ನೆಂಟರೊಬ್ಬರು ಕೋಟಿನ ಅಂಚು ಮುಟ್ಟಿ, "ಏನು ಬಟ್ಟೆ ಕಣ್ರೀ!" ಎಂದು ಬೆರಗಾಗುತ್ತಿದ್ದಾರೆ. ಅಣ್ಣ ನಿಟ್ಟುಸಿರು ಬಿಟ್ಟು, "ಏನು ಮಾಡೋದು, ಯುದ್ಧ ಬಂದ್ಬುಡ್ತು" ಅಂದ.

ನನಗೆ ತಡೆಯಲಾಗಲಿಲ್ಲ. "ಅಣ್ಣ, ಚುಂಚನಕಟ್ಟೆಗೂ ಯುದ್ಧಾನೇ ಅಡ್ಡ ಬಂತಾ?"

ನೆಂಟರು ಗೊಳ್ಳೆಂದು ನಕ್ಕರು. ಅಣ್ಣ ಮುಖ ತಿರುಗಿಸಿದ. ಗೆದ್ದೆ ಎಂದುಕೊಂಡು ಅತ್ತಿಗೆಯ ಕಡೆ ನೋಡಿದೆ. ಅವರು ನಗುತ್ತಿರಲಿಲ್ಲ. ಕೋಟನ್ನು ಹಗ್ಗದಿಂದ ಎಳೆದು ತೋಳ ಮೇಲೆ ಹಾಕಿಕೊಂಡು ನನ್ನ ಎದುರಿಗೆ ಬಂದು ನಿಂತರು.

"ಅವತ್ತು ನಾನು ಕೇಳಿದ್ದನ್ನ ನೀವು ಇವ್ರಿಗೆ ಹೇಳಿದ್ದೂ ಹಿಂಗೇನಾ?"